ಓದುಗರ ಪ್ರಶ್ನೆ: ಅಕ್ಟೋಬರ್ 21ರ ಬ್ಯೂಗಲ್

ಪೊಲೀಸ್ ಹುತಾತ್ಮರ ದಿನದ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ ಬರೆದಿರುವವರು ಕಲಬುರಗಿಯ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಬ್ಯೂಗಲ್ ಊದುತ್ತಿದ್ದವರು. ತಮ್ಮ ಹೆಸರು ಹಾಕುವುದು ಬೇಡ ಎಂದಿದ್ದಾರೆ.

ಅಕ್ಟೋಬರ್ 21ಕ್ಕೆ ಪೊಲೀಸರು ಮಾಡುವ ಕಾರ್ಯಕ್ರಮ 'ಪೊಲೀಸ್ ಆ್ಯಕ್ಷನ್'ನಲ್ಲಿ ಸತ್ತವರ ನೆನಪಿಗೆ ಅಂತ ನಮ್ಮ ತಂದೆ ಹೇಳುತ್ತಾರೆ. ಹೌದಾ?
– ಪದವಿ ವಿದ್ಯಾರ್ಥಿ, ಸೇಡಂ

ನಿಮ್ಮ ತಂದೆಯೊಬ್ಬರೇ ಅಲ್ಲ. ನಮ್ಮ ತಾಯಿಯೂ ಕೊನೆಯವರೆಗೂ ಹಾಗೇ ತಿಳಿದಿದ್ದರು. ನಮ್ಮ ಭಾಗದ ಹಿರಿಯರಿಗೆ ಎಲ್ಲದಕ್ಕೂ ಅದೇ ಗುರುತು. 'ಪೊಲೀಸ್ ಆ್ಯಕ್ಷನ್ ಆದ ವರ್ಷ ನಮ್ಮಕ್ಕ ಹುಟ್ಟಿದ್ದು' ಅಂತ ವಯಸ್ಸಿನ ಲೆಕ್ಕ ಹಾಕುತ್ತಿದ್ದರು. ಆದರೆ ಅದು ಬೇರೆ, ಇದು ಬೇರೆ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ರಾಜ್ಯಕ್ಕೆ ಬಂದದ್ದು ಸೈನ್ಯ. ಹೆಸರು ಮಾತ್ರ ಪೊಲೀಸ್ ಆ್ಯಕ್ಷನ್. 17ನೇ ತಾರೀಖು ನಿಜಾಮ ಶರಣಾದ. ಅದಕ್ಕೇ ನಾವು ಕಲಬುರಗಿ, ಬೀದರ್, ಯಾದಗಿರಿಯವರು ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತೇವೆ.

ಅಕ್ಟೋಬರ್ 21ರ ಕಥೆ ಲಡಾಖಿನದು. 1959ರ ಮಾತು. ಹಾಟ್ ಸ್ಪ್ರಿಂಗ್ಸ್ ಅಂತ ಒಂದು ಜಾಗ. ಹೆಸರಿಗೆ ಬಿಸಿನೀರಿನ ಬುಗ್ಗೆ, ಆದರೆ ಹದಿನೈದು ಸಾವಿರ ಅಡಿಗೂ ಮೇಲೆ, ಮೂಳೆ ಕೊರೆಯುವ ಚಳಿ. ಆಗ ಆ ಗಡಿ ಕಾಯುತ್ತಿದ್ದವರು ಪೊಲೀಸರು. ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1962ರಲ್ಲಿ. ಅಕ್ಟೋಬರ್ 20ರಂದು ಮುಂದಿನ ದಾರಿ ನೋಡಿಕೊಂಡು ಬರಲು ಮೂರು ತಂಡ ಹೋದವು. ಎರಡು ತಂಡ ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದವು. ಮೂರನೇ ತಂಡದಲ್ಲಿ ಇಬ್ಬರು ಕಾನ್‌ಸ್ಟೆಬಲ್, ಒಬ್ಬ ಕೂಲಿ. ಅವರು ಬರಲಿಲ್ಲ.

ಮರುದಿನ ಗುಪ್ತಚರ ವಿಭಾಗದ ಅಧಿಕಾರಿ ಕರಮ್ ಸಿಂಗ್ ಸುಮಾರು ಇಪ್ಪತ್ತು ಜನರನ್ನು ಕಟ್ಟಿಕೊಂಡು ಕುದುರೆ ಮೇಲೆ ಹುಡುಕಲು ಹೊರಟರು. ಉಳಿದವರು ಹಿಂದೆ ನಡೆದು ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿಂದ ಚೀನೀ ಸೈನಿಕರು ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಇವರಿಗೆ ಮರೆಗೆ ಏನೂ ಇರಲಿಲ್ಲ. ಹತ್ತು ಜನ ಸತ್ತರು. ಗಾಯಗೊಂಡ ಏಳು ಜನರನ್ನು ಹಿಡಿದುಕೊಂಡು ಹೋದರು. ಸತ್ತವರ ದೇಹ ವಾಪಸ್ ಕೊಟ್ಟದ್ದು ನವೆಂಬರ್ 13ಕ್ಕೆ. ಮೂರು ವಾರ ಕಳೆದಿತ್ತು. ಅಲ್ಲೇ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಗೌರವದಿಂದ ದಹನ ಮಾಡಿದರು. 1960ರ ಜನವರಿಯಲ್ಲಿ ಎಲ್ಲಾ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸೇರಿ, ಇನ್ನು ಮುಂದೆ ಪ್ರತಿ ವರ್ಷ ಈ ದಿನ ನೆನೆಯೋಣ ಅಂತ ತೀರ್ಮಾನಿಸಿದರು.

ನಮಗೆ ಇದನ್ನು ಹೇಳಿಕೊಟ್ಟವರು ತರಬೇತಿಯ ಉಸ್ತಾದರು. ಡ್ರಿಲ್ ಕಲಿಸುವವರನ್ನು ನಾವು ಉಸ್ತಾದ್ ಅಂತಲೇ ಕರೆಯುವುದು. ಅವರು ಚೀನಾದ ಬಗ್ಗೆ ಜಾಸ್ತಿ ಮಾತಾಡಲಿಲ್ಲ. 'ಮೂರು ಮಂದಿ ಮನಿಗೆ ಬರಲಿಲ್ಲಂತ ಇಪ್ಪತ್ತು ಮಂದಿ ಹುಡುಕಲಿಕ್ಕೆ ಹೋದರು, ಇಷ್ಟು ನೆನಪಿಡ್ರಿ' ಅಂದರು. ನನಗೆ ಅದೊಂದು ಮಾತು ಹಾಗೇ ಉಳಿದಿದೆ.

ಮೈದಾನದಲ್ಲಿ ಉದ್ದ ಪಟ್ಟಿ ಓದುತ್ತಾರಲ್ಲ, ಅದರಲ್ಲಿ ಯಾರ ಹೆಸರು ಇರುತ್ತದೆ? ನಮ್ಮ ಕಡೆಯವರು ಇದ್ದಾರಾ?
– ಕಿರಾಣಿ ಅಂಗಡಿಯವರು, ಜೇವರ್ಗಿ

ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಇಡೀ ದೇಶದಲ್ಲಿ ಕರ್ತವ್ಯದ ಮೇಲಿದ್ದಾಗ ಪ್ರಾಣ ಕೊಟ್ಟವರ ಪಟ್ಟಿ ಅದು. ರಾಜ್ಯಗಳ ಪೊಲೀಸರು, ಸಿಆರ್‌ಪಿಎಫ್, ಬಿಎಸ್‌ಎಫ್, ಎಲ್ಲರೂ ಸೇರಿ. ಕಲಬುರಗಿಯಲ್ಲಿ ಓದುವುದೂ ಅದೇ, ಕೊಹಿಮಾದಲ್ಲಿ ಓದುವುದೂ ಅದೇ.

ನಾನು ಮೊದಲ ಸಲ ಆ ದಿನ ಬ್ಯೂಗಲ್ ಊದಿದ್ದು 1992ರಲ್ಲಿ. ಆ ವರ್ಷದ ಪಟ್ಟಿಯಲ್ಲಿ ಕರ್ನಾಟಕದ ಭಾಗ ಬಂದಾಗ ಮೈದಾನದಲ್ಲಿ ಕೆಮ್ಮು ಕೂಡ ಕೇಳಲಿಲ್ಲ. ಮೇ ತಿಂಗಳಲ್ಲಿ ವೀರಪ್ಪನ್ ಗ್ಯಾಂಗ್ ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದಿತ್ತು. ಆಗಸ್ಟ್ 14ಕ್ಕೆ ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಪಿಎಸ್‌ಐ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದವರು ಬಲಿಯಾದರು. ಮರುದಿನ ಸ್ವಾತಂತ್ರ್ಯ ದಿನದ ಪೆರೇಡ್. ನಾವು ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ನಿಂತಿದ್ದೆವು, ಯಾರ ಮುಖದಲ್ಲೂ ಕಳೆ ಇರಲಿಲ್ಲ.

ನಮ್ಮ ಕಡೆಯವರು ಇದ್ದಾರೆ. 2014ರ ಜನವರಿಯಲ್ಲಿ ಕಲಬುರಗಿ ನಗರದಲ್ಲೇ ರೌಡಿಯನ್ನು ಹಿಡಿಯಲು ಹೋದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಅವರಿಗೆ ಗುಂಡು ತಗುಲಿತು. ಹೈದರಾಬಾದಿಗೆ ಕರೆದುಕೊಂಡು ಹೋದರು. ಆ ಒಂದು ವಾರ ನಮ್ಮ ಲೈನ್‌ನಲ್ಲಿ, ಅಂದರೆ ಪೊಲೀಸ್ ವಸತಿಯಲ್ಲಿ, ಯಾರೂ ಜೋರಾಗಿ ಟಿವಿ ಹಾಕಲಿಲ್ಲ. ಸಂಕ್ರಾಂತಿಗೆ ಮನೆಯಲ್ಲಿ ಸಜ್ಜೆ ರೊಟ್ಟಿ ತಟ್ಟಿದ್ದರು, ಶೇಂಗಾ ಹೋಳಿಗೆ ಮಾಡಿದ್ದರು, ತಿನ್ನಲು ಮನಸ್ಸಿರಲಿಲ್ಲ. ಮರುದಿನ, 15ನೇ ತಾರೀಖು, ಸುದ್ದಿ ಬಂತು. ಆ ಅಕ್ಟೋಬರ್‌ನಲ್ಲಿ ಅವರ ಹೆಸರು ಓದಿದಾಗ ಊರಿಗೆ ಇನ್ನೂ ಗುಲ್ಬರ್ಗಾ ಅಂತಲೇ ಹೆಸರು. ಹತ್ತು ದಿನ ಬಿಟ್ಟು ಕಲಬುರಗಿ ಆಯಿತು.

ನಿಮ್ಮ ತಾಲ್ಲೂಕಿನದು ನಿಮಗೆ ನೆನಪಿರಲೇಬೇಕು. 2023ರ ಜೂನ್. ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಮಯೂರ ಚೌಹಾಣ್. ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದರು, ಅದು ಅವರ ಮೇಲೇ ಹರಿಯಿತು. ನಾನು ಆಗ ನಿವೃತ್ತನಾಗಿದ್ದೆ. ಭೀಮಾ ನದಿ ದಂಡೆಯ ಊರುಗಳಲ್ಲಿ ನಾನೂ ರಾತ್ರಿ ಬಂದೋಬಸ್ತ್ ಮಾಡಿದವನು. ಕತ್ತಲಲ್ಲಿ ಲೈಟು ಹಾಕದೇ ಬರುವ ಟ್ರ್ಯಾಕ್ಟರಿನ ಸದ್ದು ಮೊದಲು ಕಾಲಿಗೆ ಗೊತ್ತಾಗುತ್ತದೆ, ನೆಲ ಅದುರುತ್ತದೆ. ಆಮೇಲೆ ಕಿವಿಗೆ. ಕೈಯಲ್ಲಿ ಇರುವುದು ಒಂದು ಲಾಠಿ, ಒಂದು ಟಾರ್ಚು. ಆ ಟಾರ್ಚು ಹಿಡಿದು ರಸ್ತೆ ಮಧ್ಯೆ ಬಂದು ನಿಲ್ಲುವುದು ಎಷ್ಟು ದೊಡ್ಡ ಕೆಲಸ ಅಂತ ನಿಂತವರಿಗೇ ಗೊತ್ತು. ಮರಳು ತುಂಬಿದ ಟ್ರ್ಯಾಕ್ಟರ್ ನಿಮ್ಮ ಅಂಗಡಿ ಮುಂದೆಯೂ ಹೋಗುತ್ತಿರಬಹುದು. ಹೋದರೆ ಆ ಹೆಸರು ನೆನಪು ಮಾಡಿಕೊಳ್ಳಿ.

ಅರಣ್ಯ ಇಲಾಖೆಯವರೂ ಕೆಲಸದ ಮೇಲೆ ಸಾಯುತ್ತಾರೆ. ಅವರ ಹೆಸರನ್ನು ಯಾಕೆ ಓದುವುದಿಲ್ಲ?
– ಓದುಗರು, ಹುಮನಾಬಾದ್

ಅವರಿಗೆ ಬೇರೆ ದಿನವಿದೆ, ಸೆಪ್ಟೆಂಬರ್ 11. 1730ರಲ್ಲಿ ರಾಜಸ್ಥಾನದ ಖೇಜರ್ಲಿ ಎಂಬ ಹಳ್ಳಿಯಲ್ಲಿ ಮರ ಕಡಿಯಲು ಬಂದವರಿಗೆ ಅಡ್ಡ ನಿಂತು 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. ಅದರ ನೆನಪಿಗೆ ಆ ದಿನ. ನಮ್ಮ ರಾಜ್ಯದಲ್ಲಿ ಆ ದಿನ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದು. 1991ರ ನವೆಂಬರ್‌ನಲ್ಲಿ ಶರಣಾಗುತ್ತೇನೆ ಎಂದ ವೀರಪ್ಪನ್ ಮಾತು ನಂಬಿ ಹೋದರು, ಅವರನ್ನು ಮೋಸದಿಂದ ಕೊಂದರು. ಸರ್ಕಾರ ಕೀರ್ತಿ ಚಕ್ರ ಕೊಟ್ಟಿತು. ಖಾಕಿ ಅವರದೂ ಖಾಕಿಯೇ, ಬಣ್ಣ ಸ್ವಲ್ಪ ಬೇರೆ.

ಗುಂಡು ಮೇಲಕ್ಕೆ ಯಾಕೆ ಹಾರಿಸುತ್ತಾರೆ? ಬಂದೂಕು ತಲೆಕೆಳಗು ಯಾಕೆ ಹಿಡಿಯುತ್ತಾರೆ? ಬ್ಯೂಗಲ್‌ನಲ್ಲಿ ಏನು ಊದುತ್ತೀರಿ?
– ಒಂಬತ್ತನೇ ತರಗತಿ ವಿದ್ಯಾರ್ಥಿ, ಶಹಾಪುರ

ಒಂದೇ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿದ್ದೀಯ. ಬಹಳ ಖುಷಿಯಾಯಿತು ಮಗು. ಒಂದೊಂದಾಗಿ ಹೇಳುತ್ತೇನೆ.

ಬಂದೂಕಿನದು ಮೊದಲು. 'ಶೋಕ್ ಶಸ್ತ್ರ' ಅಂತ ಆರ್ಡರ್ ಬರುತ್ತದೆ. ಆಗ ಬಂದೂಕಿನ ಬಾಯಿ ಕೆಳಗೆ ಬರುತ್ತದೆ, ಎಡಗಾಲಿನ ಬೂಟಿನ ತುದಿ ಮೇಲೆ ನಿಲ್ಲುತ್ತದೆ. ಎರಡೂ ಕೈ ಹಿಂಭಾಗದ ಮರದ ಮೇಲೆ. ತಲೆ ತಗ್ಗುತ್ತದೆ. ಬಂದೂಕಿನ ಬಾಯಿ ನೆಲ ನೋಡಿದರೆ ಇನ್ನು ಹೊಡೆಯುವುದಿಲ್ಲ, ದುಃಖದಲ್ಲಿದ್ದೇವೆ ಅಂತ ಅರ್ಥ. ಇದನ್ನು ನಿಧಾನವಾಗಿ ಮಾಡಬೇಕು. ಬೇರೆ ಎಲ್ಲಾ ಡ್ರಿಲ್‌ನಲ್ಲಿ ಉಸ್ತಾದ್ 'ಬೇಗ, ಬೇಗ' ಅಂತ ಕೂಗುತ್ತಾರೆ. ಇದೊಂದರಲ್ಲಿ ಮಾತ್ರ 'ಸಾವಕಾಶ' ಅನ್ನುತ್ತಾರೆ.

ಬ್ಯೂಗಲ್‌ಗೆ ಒತ್ತುವ ಗುಂಡಿ ಇಲ್ಲ, ಕೊಳಲಿನ ಹಾಗೆ ತೂತೂ ಇಲ್ಲ. ಕರೆಗೆ ಬಳಸುವುದು ಐದು ಸ್ವರ ಅಷ್ಟೇ. ಎಲ್ಲಾ ತುಟಿಯ ಬಿಗಿಯಲ್ಲೇ ಆಗಬೇಕು. ಮೊದಲು ಊದುವುದು ಲಾಸ್ಟ್ ಪೋಸ್ಟ್. ಹಿಂದೆ ಬ್ರಿಟಿಷ್ ಸೈನ್ಯದಲ್ಲಿ ರಾತ್ರಿ ಕಾವಲುಗಾರರ ಜಾಗಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ, ದಿನದ ಕೆಲಸ ಮುಗಿಯಿತು, ಇನ್ನು ಮಲಗಿ ಅನ್ನಲು ಊದುತ್ತಿದ್ದ ಕರೆ. ಆಮೇಲೆ ಎರಡು ನಿಮಿಷ ಮೌನ. ಆಮೇಲೆ ರೌಸ್. ಅದು ಬೆಳಿಗ್ಗೆ ಎಬ್ಬಿಸುವ ಕರೆ. ನಡುವಿನ ಆ ಎರಡು ನಿಮಿಷ ಒಂದು ರಾತ್ರಿ ಇದ್ದ ಹಾಗೆ.

ಅಕ್ಟೋಬರ್‌ನಲ್ಲಿ ನಮ್ಮ ಕಡೆ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಕು. ಗಾಳಿ ಒಣಗಿರುತ್ತದೆ, ತುಟಿ ಒಡೆಯುತ್ತದೆ. ಒಂದು ವಾರ ಮೊದಲೇ ರಾತ್ರಿ ತುಟಿಗೆ ಬೆಣ್ಣೆ ಹಚ್ಚಿ ಮಲಗುತ್ತಿದ್ದೆ. ಬಾಯಿಗೆ ಇಡುವ ಹಿತ್ತಾಳೆ ತುಂಡನ್ನು ಬಿಚ್ಚಿ ಪಟ್ಟಿ ಓದುವಷ್ಟೂ ಹೊತ್ತು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದೆ, ಅಂಗೈ ಬಿಸಿಗೆ ಅದು ಹದವಾಗುತ್ತದೆ. ಲಾಸ್ಟ್ ಪೋಸ್ಟ್‌ನಲ್ಲಿ ಒಂದು ಉದ್ದನೆಯ ಮೇಲಿನ ಸ್ವರ ಬರುತ್ತದೆ. ಅದು ಬಿರುಕು ಬಿಡಬಾರದು. ಮುಂದಿನ ಸಾಲಿನಲ್ಲಿ ಕೂತಿರುವ ಮನೆಯವರು ಅಳು ತಡೆದುಕೊಂಡಿರುತ್ತಾರೆ. ಅವರೇ ತಡೆದುಕೊಂಡಿರುವಾಗ ನನ್ನ ಸ್ವರ ಹೇಗೆ ಒಡೆಯಲಿ?

ಇನ್ನು ಗುಂಡು. ಮೂರು ಸಲ ಹಾರಿಸುತ್ತಾರೆ. ಹಳೆಯ ಕಾಲದಲ್ಲಿ ಯುರೋಪಿನ ಯುದ್ಧಗಳಲ್ಲಿ ಸತ್ತವರನ್ನು ಎತ್ತಿಕೊಳ್ಳಲು ಹೋರಾಟ ನಿಲ್ಲಿಸುತ್ತಿದ್ದರು. ಎತ್ತಿಕೊಂಡು ಮುಗಿಯಿತು ಅಂತ ತಿಳಿಸಲು ಮೂರು ಸುತ್ತು ಹಾರಿಸುತ್ತಿದ್ದರು. ಅಲ್ಲಿಂದ ಬಂದ ಪದ್ಧತಿ. ನಮ್ಮದರಲ್ಲಿ ಸೀಸದ ಗುಂಡು ಇರುವುದಿಲ್ಲ, ಬ್ಲ್ಯಾಂಕ್. ಸದ್ದು ಮಾತ್ರ.

ಹಾರಿಸಿದ ಮೇಲೆ ಖಾಲಿ ಕೇಸುಗಳು ನೆಲಕ್ಕೆ ಬೀಳುತ್ತವೆ. ಅವುಗಳನ್ನು ಎಣಿಸಿ ಶಸ್ತ್ರಾಗಾರಕ್ಕೆ ವಾಪಸ್ ಕೊಡಬೇಕು, ಒಂದೂ ಕಡಿಮೆಯಾಗುವಂತಿಲ್ಲ. ಒಂದು ವರ್ಷ ಒಂದು ಕಡಿಮೆ ಬಂತು. ನಾಲ್ಕೈದು ಜನ ಬಗ್ಗಿ ಹುಲ್ಲಿನಲ್ಲಿ ಹುಡುಕಿದೆವು. ನೋಡಿದರೆ ಅದು ಐದಾರು ವರ್ಷದ ಒಬ್ಬ ಹುಡುಗನ ಕೈಯಲ್ಲಿತ್ತು. ಅವನ ಅಪ್ಪನ ಹೆಸರನ್ನೇ ಆ ದಿನ ಓದಿದ್ದು. ಮುಷ್ಟಿ ಬಿಗಿಯಾಗಿ ಮುಚ್ಚಿದ್ದ. ನಾನು ಮೊಣಕಾಲೂರಿ ಕೂತು ಕೇಳಿದೆ. ಅವನು ಕೊಟ್ಟ, ಸುಮ್ನೆ, ಒಂದು ಮಾತೂ ಆಡದೆ. ಅಂಗೈಯಲ್ಲಿ ದುಂಡನೆ ಕಪ್ಪು ಗುರುತು ಉಳಿದಿತ್ತು. ನಿಯಮ ನಿಯಮವೇ, ಕೊಡುವಂತಿರಲಿಲ್ಲ. ನನ್ನ ಸಮವಸ್ತ್ರದ ಒಂದು ಹಿತ್ತಾಳೆ ಗುಂಡಿ ಕಿತ್ತು ಅವನಿಗೆ ಕೊಟ್ಟೆ. ಇವತ್ತು ಅವನಿಗೆ ಇಪ್ಪತ್ತು ದಾಟಿರಬೇಕು.

ನಿಮ್ಮ ಶಾಲೆಯಿಂದ ನೋಡಲು ಬರಬೇಕು ಅಂದರೆ ಮೇಷ್ಟ್ರಿಗೆ ಹೇಳಿ ಯಾದಗಿರಿ ಎಸ್‌ಪಿ ಕಚೇರಿಗೆ ಒಂದು ಪತ್ರ ಬರೆಸು. ಸೆಪ್ಟೆಂಬರ್‌ನಲ್ಲೇ ಬರೆಸು.

ಸೈನಿಕರಿಗೆ 'ಹುತಾತ್ಮ' ಅನ್ನುವುದು ಸರಿ. ಪೊಲೀಸರಿಗೂ ಆ ಮಾತು ಯಾಕೆ?
– ಓದುಗರು, ಆಳಂದ

ಸರ್ಕಾರದ ಕಾನೂನಿನಲ್ಲಿ ಆ ಪದ ಸೈನ್ಯಕ್ಕೂ ಇಲ್ಲ, ಪೊಲೀಸರಿಗೂ ಇಲ್ಲ. ಜನ ಕೊಟ್ಟ ಮಾತು ಅದು. ಬೆಂಕಿಗೆ ತನ್ನನ್ನೇ ಅರ್ಪಿಸಿಕೊಂಡವರು ಅಂತ ಅರ್ಥ. ಹಿಂದಿಯಲ್ಲಿ ಈ ದಿನಕ್ಕೆ 'ಸ್ಮೃತಿ ದಿವಸ್' ಅನ್ನುತ್ತಾರೆ, ನೆನಪಿನ ದಿನ. ನನಗೆ ಅದೂ ಇಷ್ಟ. ನೀವು ಯಾವ ಮಾತು ಬೇಕಾದರೂ ಬಳಸಿ. ಆದರೆ ಸತ್ತವನು ಗಡಿಯಲ್ಲಿ ಸತ್ತನೋ, ಬಸ್ ಸ್ಟ್ಯಾಂಡಿನಲ್ಲಿ ಸತ್ತನೋ ಅಂತ ನೋಡಿ ಮಾತಿನ ತೂಕ ಬದಲಾಯಿಸಬೇಡಿ. ಅವನ ಮನೆಯಲ್ಲಿ ಆಗುವ ಖಾಲಿ ಜಾಗ ಒಂದೇ ಅಳತೆಯದು.

ದೀಪಾವಳಿ ರಜೆಗೆ ದೆಹಲಿಗೆ ಹೋಗುತ್ತಿದ್ದೇವೆ. ಪೊಲೀಸ್ ಸ್ಮಾರಕ ಇದೆಯಂತೆ. ನೋಡಬಹುದಾ?
– ನಿವೃತ್ತ ಶಿಕ್ಷಕಿ, ಬೀದರ್

ಖಂಡಿತ ನೋಡಿ. ಚಾಣಕ್ಯಪುರಿಯಲ್ಲಿದೆ. 2018ರ ಅಕ್ಟೋಬರ್ 21ಕ್ಕೆ ಉದ್ಘಾಟನೆಯಾಯಿತು. ಮೂವತ್ತು ಅಡಿ ಎತ್ತರದ ಒಂದೇ ಕರಿಕಲ್ಲು, 238 ಟನ್ ತೂಕ. ಅದಕ್ಕಿಂತ ಗೋಡೆ ನೋಡಿ. ಸ್ವಾತಂತ್ರ್ಯ ಬಂದಾಗಿನಿಂದ ಸತ್ತ 34 ಸಾವಿರಕ್ಕೂ ಹೆಚ್ಚು ಪೊಲೀಸರ ಹೆಸರು ಕೆತ್ತಿದ್ದಾರೆ. ನಾನು ನಿವೃತ್ತನಾದ ಮೇಲೆ ಹೋಗಿದ್ದೆ. ನಾನು ಬ್ಯೂಗಲ್ ಊದಿದ ಹೆಸರುಗಳನ್ನು ಹುಡುಕಿ ಬೆರಳಿಟ್ಟು ನೋಡುತ್ತಾ ಹೋದೆ. ಸಂಜೆಯಾದದ್ದೇ ಗೊತ್ತಾಗಲಿಲ್ಲ. ಒಂದೆರಡು ತಾಸು ಇಟ್ಟುಕೊಂಡು ಹೋಗಿ, ಅರ್ಧ ಗಂಟೆಯಲ್ಲಿ ಆಗುವುದಿಲ್ಲ. ಬೆಂಗಳೂರಿಗೆ ಹೋದಾಗ ಮೈಸೂರು ರಸ್ತೆಯ ಸಿಎಆರ್, ಅಂದರೆ ನಗರ ಸಶಸ್ತ್ರ ಮೀಸಲು ಪಡೆಯ, ಮೈದಾನದ ಸ್ಮಾರಕವನ್ನೂ ನೋಡಿ.

ನಮ್ಮ ತಂದೆ ಎಎಸ್‌ಐ ಆಗಿದ್ದರು. ಕೊರೊನಾ ಡ್ಯೂಟಿಯಲ್ಲಿ ಸೋಂಕು ತಗುಲಿ ತೀರಿಕೊಂಡರು. ಗುಂಡೇಟು ಅಲ್ಲವಲ್ಲ, ಅವರನ್ನು ಈ ಸಾಲಿಗೆ ಸೇರಿಸಬಹುದಾ ಅಂತ ಸಂಬಂಧಿಕರು ಕೇಳುತ್ತಾರೆ. ಬೇಸರವಾಗುತ್ತದೆ.
– ಮಗಳು, ಕಲಬುರಗಿ

ತಾಯಿ, ದೇಶದಲ್ಲಿ ಕೊರೊನಾದಿಂದ ಮೊದಲ ಸಾವು ಆದದ್ದೇ ನಮ್ಮ ಊರಿನವರದು, 2020ರ ಮಾರ್ಚ್‌ನಲ್ಲಿ. ಆ ದಿನಗಳಲ್ಲಿ ಎಲ್ಲರಿಗೂ 'ಮನೆಯಲ್ಲೇ ಇರಿ' ಅಂದರು. ನಮಗೆ 'ರಸ್ತೆಗೆ ಬನ್ನಿ' ಅಂದರು. ಯಾರಿಗೂ ಆ ರೋಗದ ತಲೆಬುಡ ಗೊತ್ತಿರಲಿಲ್ಲ. ನಮ್ಮಲ್ಲಿ ಕೆಲವರ ಬಳಿ ಇದ್ದದ್ದು ಕರ್ಚೀಫು ಮಾತ್ರ. ಜಗತ್ ಸರ್ಕಲ್‌ನಲ್ಲಿ ಏಪ್ರಿಲ್ ಬಿಸಿಲಿಗೆ ಬ್ಯಾರಿಕೇಡ್ ಕಬ್ಬಿಣ ಮುಟ್ಟಲು ಆಗುತ್ತಿರಲಿಲ್ಲ. ರಾತ್ರಿ ಮನೆಗೆ ಬಂದರೆ ಅಂಗಳದಲ್ಲೇ ಸ್ನಾನ, ಬೇರೆ ತಟ್ಟೆ, ಮೊಮ್ಮಗನನ್ನು ಎತ್ತಿಕೊಳ್ಳುವಂತಿಲ್ಲ. ನಿಮ್ಮ ತಂದೆಯೂ ಹಾಗೇ ಬದುಕಿರುತ್ತಾರೆ, ನೀವೇ ನೋಡಿದ್ದೀರಿ.

ಕರ್ತವ್ಯದಲ್ಲಿ ಪ್ರಾಣ ಕೊಡುವುದು ಅಂದರೆ, ಅಪಾಯ ಅಲ್ಲಿದೆ ಅಂತ ಗೊತ್ತಿದ್ದೂ ಡ್ಯೂಟಿಗೆ ಹೋಗುವುದು. ನಿಮ್ಮ ತಂದೆ ಹೋದರು. ಯಾರಾದರೂ ಕೇಳಿದರೆ ಇಷ್ಟೇ ಹೇಳಿ. ವಾದ ಮಾಡಬೇಡಿ, ಸುಸ್ತಾಗುತ್ತೀರಿ. ಇಲಾಖೆಯಿಂದ ಬರಬೇಕಾದ ಹಣ, ಅನುಕಂಪದ ಆಧಾರದ ನೌಕರಿ, ಇವುಗಳ ಅರ್ಜಿ ಯಾವುದಾದರೂ ಬಾಕಿ ಇದ್ದರೆ ತಡ ಮಾಡದೆ ಎಸ್‌ಪಿ ಅಥವಾ ಕಮಿಷನರ್ ಕಚೇರಿಯ ಕಲ್ಯಾಣ ವಿಭಾಗಕ್ಕೆ ಹೋಗಿ. ಕೊಟ್ಟ ಪ್ರತಿ ಕಾಗದಕ್ಕೂ ಸೀಲು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನಕ್ಕೆ ಸಂಗ್ರಹಿಸುವ ಹಣ ಇರುವುದೇ ಪೊಲೀಸರ ಮತ್ತು ಅವರ ಮನೆಯವರ ಕಲ್ಯಾಣಕ್ಕೆ. ಕೇಳಲು ಸಂಕೋಚ ಬೇಡ.

ನಮ್ಮ ಮನೆಯವರು ಹೋಗಿ ಹನ್ನೊಂದು ವರ್ಷವಾಯಿತು. ಪ್ರತಿ ಅಕ್ಟೋಬರ್‌ಗೆ ಆಮಂತ್ರಣ ಬರುತ್ತದೆ. ಹೋಗಲು ಮನಸ್ಸಿಲ್ಲ, ಹೋಗದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ ಅನಿಸುತ್ತದೆ. ಏನು ಮಾಡಲಿ?
– ಒಬ್ಬ ಸಹೋದರಿ, ಯಾದಗಿರಿ ಜಿಲ್ಲೆ

ನಿಮ್ಮ ಪತ್ರ ಮೂರು ದಿನ ನನ್ನ ಮೇಜಿನ ಮೇಲೇ ಇತ್ತು. ಉತ್ತರ ಬರೆಯಲು ಕೂತಾಗಲೆಲ್ಲ ಒಂದು ಬೆಳಿಗ್ಗೆ ಕಣ್ಣ ಮುಂದೆ ಬರುತ್ತಿತ್ತು. ಅದನ್ನೇ ಹೇಳುತ್ತೇನೆ.

ತುಂಬಾ ವರ್ಷದ ಹಿಂದೆ, ಒಂದು ಜಿಲ್ಲೆಯಲ್ಲಿ. ನನ್ನನ್ನು ಅಲ್ಲಿಗೆ ಡ್ಯೂಟಿಗೆ ಕಳಿಸಿದ್ದರು. ಪಟ್ಟಿ ಓದುತ್ತಿದ್ದವರಿಗೆ ಬಿಸಿಲಿತ್ತೋ, ಅವಸರವಿತ್ತೋ, ಬೇಗಬೇಗ ಓದಿದರು. ಮಣಿಪುರ, ಜಾರ್ಖಂಡ್, ಛತ್ತೀಸ್‌ಗಢ, ನಾಲಿಗೆ ತಿರುಗದ ಹೆಸರುಗಳು ಒಂದರ ಮೇಲೊಂದು ಬಿದ್ದವು. ಕರ್ನಾಟಕ ಬಂತು. ಆ ಜಿಲ್ಲೆಯವರೇ ಆದ ಒಬ್ಬ ಕಾನ್‌ಸ್ಟೆಬಲ್ ಹೆಸರನ್ನು ತಪ್ಪಾಗಿ ಓದಿದರು. ಅರ್ಧ ಹೆಸರು ಬಿಟ್ಟು, ಉಳಿದರ್ಧವನ್ನು ಬೇರೆಯೇ ಮಾಡಿ. ಅವರ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಇಳಕಲ್ ಸೀರೆಯ ಸೆರಗು ತಲೆ ಮೇಲೆ. ಅಲ್ಲಿವರೆಗೂ ತಲೆ ತಗ್ಗಿಸಿದ್ದವರು ಒಮ್ಮೆ ತಲೆ ಎತ್ತಿ ನೋಡಿದರು. ಇನ್ನೂ ಬರುತ್ತದೆ ಅಂತ ಕಾದರು. ಪಟ್ಟಿ ಮುಂದೆ ಹೋಯಿತು, ಕೇರಳ, ಮಧ್ಯಪ್ರದೇಶ, ಮಹಾರಾಷ್ಟ್ರ. ಮುಗಿಯಿತು. ನಾನು ಲಾಸ್ಟ್ ಪೋಸ್ಟ್ ಊದಿದೆ. ಎಲ್ಲಾ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ಕೇಳಿದರು. 'ನಮ್ಮ ಮನಿಯವರ ಹೆಸರು ಓದಲೇ ಇಲ್ರೀ ಅಣ್ಣಾ?'

ಓದಿದರು ಅಂತ ಹೇಳಲಾ, ಓದಲಿಲ್ಲ ಅಂತ ಹೇಳಲಾ? ಏನೂ ಹೇಳದೆ ನಿಂತೆ. ಅದು ನನ್ನ ತಪ್ಪು. ಅಲ್ಲೇ, ಅವರ ಮುಂದೆ, ಪೂರ್ತಿ ಹೆಸರು ಒಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು.

ಆವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಪ್ರತಿ ವರ್ಷ ಹಿಂದಿನ ದಿನ ಪಟ್ಟಿ ಕೇಳಿ ಪಡೆದು, ಕರ್ನಾಟಕದ ಹೆಸರುಗಳನ್ನು ಓದುವವರ ಜೊತೆ ಕೂತು ಒಂದೊಂದಾಗಿ ಓದಿಸುತ್ತಿದ್ದೆ. ಊರಿನವರಿಗೆ ಫೋನ್ ಮಾಡಿ ಮನೆತನದ ಹೆಸರು ಹೇಗೆ ಅನ್ನುತ್ತಾರೆ ಅಂತ ಕೇಳುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ನಾನು ನಿವೃತ್ತನಾದ ಮೇಲೆ ಈಗ ಇಬ್ಬರು ಹುಡುಗರು ಅದನ್ನು ಮಾಡುತ್ತಿದ್ದಾರೆ.

ನೀವು ಹೋಗಲೇಬೇಕು ಅಂತ ಏನೂ ಇಲ್ಲ. ಹನ್ನೊಂದು ವರ್ಷ ಒಬ್ಬರೇ ಮನೆ ನಡೆಸಿದ್ದೀರಿ, ಅವರಿಗೆ ಮಾಡಬೇಕಾದದ್ದು ಅದರಲ್ಲೇ ಆಗಿದೆ. ಒಂದು ವರ್ಷ ಹೋಗಬೇಕು ಅನಿಸಿದರೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಗುಂಡು ಹಾರಿಸುವ ಮೊದಲೇ ಎದ್ದು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಆ ಸದ್ದು ಬಹಳ ಮನೆಯವರಿಗೆ ಆಗುವುದಿಲ್ಲ, ನಾನು ನೋಡಿದ್ದೇನೆ. ಹೋಗದಿದ್ದರೆ ಆ ಹೊತ್ತಿಗೆ ಮನೆಯಲ್ಲೇ ಇರಿ, ಹೊಲಕ್ಕೆ ಹೋಗಿ, ತೊಗರಿ ಹೇಗಿದೆ ನೋಡಿ ಬನ್ನಿ.

ಪತ್ರದ ಕೆಳಗೆ ಅವರ ಪೂರ್ತಿ ಹೆಸರು ಬರೆದಿದ್ದೀರಿ, ತಂದೆಯ ಹೆಸರು, ಮನೆತನದ ಹೆಸರು ಸಮೇತ. ಪತ್ರಿಕೆಯಲ್ಲಿ ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಾನು ಇವತ್ತು ಬೆಳಿಗ್ಗೆ ಅಂಗಳದಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದೆ. ಎರಡು ಸಲ.